ಸಂಪಾದಕೀಯ: ‘ತೆಗಿ’ ಅಂದ್ರೆ ಯಾವ ತೆಗಿ?



ಗೈದರ್ಸ್‌ಬರ್ಗ್‌ನ ನಮ್ಮ ಮನೆಗೆ ದಾವಣಗೆರೆಯಿಂದ ಅಪ್ಪ-ಅಮ್ಮ ಬಂದಿದ್ದಾರೆ. ಮೊನ್ನೆ ಅಪ್ಪ, "ಪಿಂಚಣಿ ಬ್ಯಾಂಕಿನ ಪಾಸ್‌ವರ್ಡ್ ತೆಗಿಯಪ್ಪ, ಈ ತಿಂಗಳದ್ದು ಬಂತಾ ನೋಡೋಣ" ಅಂದ್ರು. ಅವರ ಖಾತೆಗಳ ವಿವರವೆಲ್ಲ ಇರೋದು ನನ್ನ ಪಾಸ್‌ವರ್ಡ್ ಮ್ಯಾನೇಜರಿನಲ್ಲಿ. ಅದಕ್ಕೆ ಎಐ ಏಜೆಂಟ್ ಒಂದನ್ನು ಜೋಡಿಸಿ ಪ್ರಯೋಗ ಮಾಡ್ತಾ ಇದ್ದೆ. ಅಪ್ಪ ಅಂದದ್ದನ್ನೇ ಕನ್ನಡದಲ್ಲಿ ಟೈಪ್ ಮಾಡಿದೆ. ಏಜೆಂಟು ಆ ದಾಖಲೆಯನ್ನು ಸರಿಯಾಗಿ ಹುಡುಕಿತು. ಆಮೇಲೆ ಅದನ್ನು ಡಿಲೀಟ್ ಮಾಡಲು ಅನುಮತಿ ಕೇಳಿತು! ಅಭ್ಯಾಸಬಲದಿಂದ ನನ್ನ ಬೆರಳು "ಸರಿ" ಒತ್ತುವುದರಲ್ಲಿತ್ತು.

ತಪ್ಪು ಯಾರದು? ಕನ್ನಡದ್ದಂತೂ ಅಲ್ಲ. ಬಾಗಿಲು ತೆಗಿ, ಜೇಬಿಂದ ದುಡ್ಡು ತೆಗಿ, ಎಲೆ ತೆಗಿ - ಮೂರೂ ಬೇರೆ ಬೇರೆ ಕೆಲಸ ಅಂತ ನಮ್ಮ ಮನೆಯ ಮಕ್ಕಳಿಗೂ ಗೊತ್ತು. ತಪ್ಪು ನನ್ನದು. ಆ ಡಿಲೀಟ್ ಟೂಲನ್ನು ಬರೆದವನು ನಾನೇ. ಅದರ ವಿವರಣೆಯಲ್ಲಿ ನಾನು ಬರೆದಿದ್ದದ್ದು ಒಂದೇ ಸಾಲು: "ದಾಖಲೆಯನ್ನು ಡಿಲೀಟ್ ಮಾಡುತ್ತದೆ."

ಗೆಳೆಯರೇ, ಡಾಕ್ಯುಮೆಂಟೇಶನ್ ಅಂದ್ರೆ ನಮ್ಮಲ್ಲಿ ಬಹಳ ಜನಕ್ಕೆ ಅಸಡ್ಡೆ. ಕೋಡ್ ಮುಗಿದ ಮೇಲೆ, ಮ್ಯಾನೇಜರ್ ಕೇಳಿದ ಮೇಲೆ ಬರೆಯೋದು. ಆದರೆ 2024ರ ನವೆಂಬರಿನಲ್ಲಿ ಆಂಥ್ರೋಪಿಕ್ ಕಂಪನಿ ಎಂಸಿಪಿ ಎಂಬ ಒಪ್ಪಂದವನ್ನು ಬಿಡುಗಡೆ ಮಾಡಿದ ಮೇಲೆ ಲೆಕ್ಕ ಬದಲಾಗಿದೆ. ಏಜೆಂಟು ಟೂಲಿನ ಹೆಸರು ಮತ್ತು ವಿವರಣೆಯನ್ನು ಓದಿಯೇ ಯಾವುದನ್ನು ಬಳಸಬೇಕು ಅಂತ ತೀರ್ಮಾನಿಸುತ್ತೆ. ಅಲ್ಲಿಗೆ ವಿವರಣೆಯೇ ಅರ್ಧ ಪ್ರೋಗ್ರಾಮ್! 2025ರಲ್ಲಿ ಬಿಟ್‌ವಾರ್ಡನ್ ಕೂಡ ತನ್ನ ಪಾಸ್‌ವರ್ಡ್ ಮ್ಯಾನೇಜರಿಗೆ ಎಂಸಿಪಿ ಸರ್ವರ್ ಕೊಟ್ಟಿತು. ಅದೇ 2025ರ ಜುಲೈನಲ್ಲಿ ರೆಪ್ಲಿಟ್‌ನ ಏಜೆಂಟು, ಏನನ್ನೂ ಮುಟ್ಟಬೇಡ ಅಂದಿದ್ದರೂ, ಬಳಕೆದಾರರೊಬ್ಬರ ಚಾಲ್ತಿ ಡೇಟಾಬೇಸನ್ನೇ ಅಳಿಸಿ ಹಾಕಿತ್ತು. ಮತ್ತೆ ಪಡೆಯಲಾಗದು ಅಂತಲೂ ಹೇಳಿತ್ತು. ಆದರೆ ಡೇಟಾ ವಾಪಸ್ ಸಿಕ್ಕಿತು.

ಹಾಗಾದರೆ ಡಿಲೀಟ್ ಟೂಲಿನ ವಿವರಣೆಯಲ್ಲಿ ಏನಿರಬೇಕು?

ಒಂದು, ಅಳಿಸಿದ್ದು ಎಲ್ಲಿಗೆ ಹೋಗುತ್ತೆ. ಬಿಟ್‌ವಾರ್ಡನ್‌ನಲ್ಲಿ ದಾಖಲೆಯನ್ನು ಅಳಿಸಿದರೆ 30 ದಿನ ಕಸದ ಬುಟ್ಟಿಯಲ್ಲಿರುತ್ತೆ. ‘ಪರ್ಮನೆಂಟ್’ ಅಂತ ಸೇರಿಸಿದರೆ ಆ ಕ್ಷಣವೇ ಹೋಯಿತು. ಇವೆರಡೂ ಒಂದೇ ಟೂಲಿನಲ್ಲಿರಬಾರದು ಅನ್ನೋದು ನನ್ನ ಅಭಿಪ್ರಾಯ.

ಎರಡು, ವಾಪಸ್ ತರೋದು ಹೇಗೆ. ಅದಕ್ಕಿರುವ ಟೂಲಿನ ಹೆಸರನ್ನು ಅಲ್ಲೇ ಬರೆಯಬೇಕು.

ಮೂರು, ಅಳಿಸೋದು ಹೆಸರಿನಿಂದಲ್ಲ, ಐಡಿಯಿಂದ. ಒಂದೇ ಬ್ಯಾಂಕಿನಲ್ಲಿ ಅಪ್ಪಂದೂ ಅಮ್ಮಂದೂ ಖಾತೆ ಇರುತ್ತಲ್ಲ!

ನಾಲ್ಕು, ಯಾವಾಗ ಬಳಸಬಾರದು. "ತೆಗಿ, ತೋರಿಸು, ಕೊಡು ಅಂದರೆ ಇದನ್ನು ಬಳಸಬೇಡ, ಅನುಮಾನವಿದ್ದರೆ ಕೇಳು" ಅಂತ ನಾನು ಈಗ ಬರೆದಿದ್ದೇನೆ.

ಐದು, ಪಾಸ್‌ಕೀ ಎಚ್ಚರಿಕೆ. ಪಾಸ್‌ವರ್ಡ್ ಹೋದರೆ ಹೊಸದು ಮಾಡಿಕೊಳ್ಳಬಹುದು. ದಾಖಲೆಯೊಳಗಿನ ಪಾಸ್‌ಕೀ ಅದರ ಜೊತೆಗೇ ಹೋಗುತ್ತೆ, ಅದನ್ನು ನೆನಪಿನಿಂದ ಬರೆಯೋಕಾಗಲ್ಲ.

ಎಂಸಿಪಿಯಲ್ಲಿ ‘ಈ ಟೂಲ್ ಅಳಿಸುವಂಥದ್ದು’ ಅನ್ನೋ ಗುರುತು ಹಾಕಲು ಅವಕಾಶವಿದೆ. ಆದರೆ ಅದು ಸುಳಿವು ಮಾತ್ರ, ಬೀಗವಲ್ಲ. ಬೀಗ ಅಂದರೆ ಕೊನೆಗೆ ಮನುಷ್ಯ ಓದಿ ಕೊಡೋ ಒಪ್ಪಿಗೆ.

ನಮ್ಮ ಊರಲ್ಲೇ ಇರುವ ನಿಸ್ಟ್ ಸಂಸ್ಥೆಯಿಂದ ಕಲಿಯೋದಿದೆ. ಡಿಸ್ಕ್‌ನಂಥ ಸಾಧನಗಳಿಂದ ಮಾಹಿತಿ ಅಳಿಸುವ ಬಗ್ಗೆ ಅವರ 800-88 ಮಾರ್ಗಸೂಚಿ ಮೂರು ಮಟ್ಟ ಹೇಳುತ್ತೆ: ಕ್ಲಿಯರ್, ಪರ್ಜ್, ಡೆಸ್ಟ್ರಾಯ್. ಮಾಮೂಲಿ ವಿಧಾನದಲ್ಲಿ ಸಿಗದ ಹಾಗೆ, ಪ್ರಯೋಗಾಲಯದಲ್ಲೂ ಸಿಗದ ಹಾಗೆ, ಸಾಧನವೇ ಕೆಲಸಕ್ಕೆ ಬಾರದ ಹಾಗೆ. ‘ಅಳಿಸು’ ಅನ್ನೋ ಒಂದೇ ಮಾತು ಸಾಲದು ಅಂತ ಅವರಿಗೆ ಯಾವಾಗಲೋ ಹೊಳೆದಿತ್ತು.

ಇದು ಬರೀ ಇಂಜಿನಿಯರುಗಳ ತಲೆನೋವಲ್ಲ. ನಮ್ಮಲ್ಲಿ ಎಷ್ಟೋ ಜನ ಊರಿನ ಹಿರಿಯರ ಬ್ಯಾಂಕು, ವಿಮೆ, ಕರೆಂಟ್ ಬಿಲ್ಲು ಎಲ್ಲವನ್ನೂ ಇಲ್ಲಿಂದಲೇ ನೋಡಿಕೊಳ್ತೀವಿ. ಪಾಸ್‌ವರ್ಡ್ ಕಳೆದರೆ ಹೊಸದಕ್ಕೆ ಬೇಕಾದ ಓಟಿಪಿ ಹೋಗೋದು ಊರಿನ ಮೊಬೈಲಿಗೆ. ನಮಗಿಲ್ಲಿ ಬೆಳಗಾದಾಗ ಅವರಿಗಲ್ಲಿ ಸಂಜೆ.

ಆದ್ದರಿಂದ ಒಂದು ಕೋರಿಕೆ. ನೀವು ಏಜೆಂಟುಗಳಿಗೆ ಟೂಲ್ ಬರೆಯುವವರಾದರೆ, ಕನ್ನಡದ ಹತ್ತು ಮಾತುಗಳಲ್ಲಿ ಅದನ್ನು ಪರೀಕ್ಷಿಸಿ: ತೆಗಿ, ಬಿಡು, ಹಾಕು, ಮುಗಿಸು... ಖಾಲಿ ದಾಖಲೆಗಳ ಮೇಲೆ ಮಾತ್ರ! ಎಡವಿದ್ದನ್ನು ಬರೆದಿಟ್ಟು ಆ ಟೂಲಿನ ತಂಡಕ್ಕೆ ಕಳಿಸಿ. ನಮ್ಮ ಮಾತು ಹೇಗೆ ನಡೆಯುತ್ತೆ ಅಂತ ನಾವೇ ಹೇಳದಿದ್ದರೆ ಇನ್ಯಾರು ಹೇಳ್ತಾರೆ?

ಅಂದ ಹಾಗೆ, ಅಪ್ಪನ ಪಿಂಚಣಿ ಬಂದಿತ್ತು. ಪಾಸ್‌ವರ್ಡನ್ನು ನಾನೇ ಕೈಯಾರೆ ‘ತೆಗೆದು’ ಕೊಟ್ಟೆ.

ವಿಶ್ವಾಸವಿರಲಿ,
ಸಂಪಾದಕ