ಜಾತಕ ನೋಡಿ ಕಾರ್ಡ್ ಕೊಳ್ಳಬೇಡಿ

ಗ್ರಾಫಿಕ್ಸ್ ಕಾರ್ಡ್ ಆರಿಸೋದು ಈಗ ಹೆಣ್ಣು ಗಂಡಿನ ಜಾತಕ ಹೊಂದಿಸಿದ ಹಾಗೇ ಆಗಿಹೋಗಿದೆ. ಎಡಗಡೆ ಒಂದು ಕಾರ್ಡಿನ ಹೆಸರು, ಬಲಗಡೆ ಇನ್ನೊಂದರದ್ದು, ಮಧ್ಯೆ ಕೋಷ್ಟಕ. ಕೋರ್ ಎಷ್ಟು, ಕ್ಲಾಕ್ ಎಷ್ಟು, ಮೆಮೊರಿ ಎಷ್ಟು, ಟೆರಾಫ್ಲಾಪ್ ಎಷ್ಟು. ದೊಡ್ಡ ಅಂಕಿಯ ಪಕ್ಕ ಹಸಿರು ಗುರುತು. ಕೊನೆಗೆ 'ಇದು ಅದಕ್ಕಿಂತ ಶೇಕಡಾ ಇಷ್ಟು ಉತ್ತಮ' ಅಂತ ತೀರ್ಪು. ಎರಡೂ ಕಾರ್ಡುಗಳನ್ನು ಒಂದೇ ಕಂಪ್ಯೂಟರಿಗೆ ಹಾಕಿ, ಒಂದೇ ಆಟ ಓಡಿಸಿ ನೋಡಿದವರು ಯಾರೂ ಇಲ್ಲ. ಆದರೂ ಗುಣ ಕೂಡಿಬಂತು, ಓಲಗ ಊದಿಸಿ!

ಇದನ್ನು ನಾನು ಸುಮ್ಮನೆ ತಮಾಷೆಗೆ ಹೇಳ್ತಿಲ್ಲ. ಗ್ರಾಫಿಕ್ಸ್ ಕಾರ್ಡ್ ನಮ್ಮಲ್ಲಿ ಬಹಳಷ್ಟು ಮನೆಗಳಿಗೆ ತಿಂಗಳ ಸಂಬಳದ ಮಾತು. ಇಎಂಐ ಕಟ್ಟಿ ಕೊಳ್ಳುವವರಿದ್ದಾರೆ. ಅಂಥವರ ಕೈಗೆ ಈ ಕೋಷ್ಟಕ ಕೊಟ್ಟು 'ನೋಡಿ, ಲೆಕ್ಕ ಸುಳ್ಳು ಹೇಳೋಲ್ಲ' ಅನ್ನೋದು ಅನ್ಯಾಯ. ಲೆಕ್ಕ ಸುಳ್ಳು ಹೇಳೋಲ್ಲ, ನಿಜ. ಆದರೆ ಯಾವ ಪ್ರಶ್ನೆಯ ಲೆಕ್ಕ ಅದು?

ಮೊದಲು ಟೆರಾಫ್ಲಾಪ್ ಎಂಬ ಮಹಾಶಯನನ್ನೇ ಹಿಡಿಯೋಣ. ಇದನ್ನು ಯಾರೂ ಅಳೆಯುವುದಿಲ್ಲ, ಗುಣಿಸುತ್ತಾರೆ, ಅಷ್ಟೆ. ಕೋರುಗಳ ಸಂಖ್ಯೆ ಗುಣಿಸು ಕ್ಲಾಕ್ ವೇಗ ಗುಣಿಸು ಎರಡು. ಪ್ರತಿ ಕೋರೂ ಪ್ರತಿ ಕ್ಷಣವೂ ಬಿಡುವಿಲ್ಲದೆ ದಶಮಾಂಶದ ಲೆಕ್ಕವನ್ನೇ ಮಾಡುತ್ತಿದ್ದರೆ ಇಷ್ಟಾಗುತ್ತಿತ್ತು ಅಂತ ಅರ್ಥ. 'ದರೆ' ಅನ್ನುವುದನ್ನು ಗಮನಿಸಿ. ಇಡೀ ಮೋಸ ಕೂತಿರೋದು ಆ ಎರಡಕ್ಷರದಲ್ಲೇ.

ಉದಾಹರಣೆಗೆ ಎನ್ವಿಡಿಯಾದ ಎರಡು ಕಾರ್ಡು ತಗೊಳ್ಳಿ. 2018ರ ಆರ್‌ಟಿಎಕ್ಸ್ 2080 ಟಿಐ, 2020ರ ಆರ್‌ಟಿಎಕ್ಸ್ 3070. ಹಳೆಯದರಲ್ಲಿ 4352 ಕೋರು, ಹೊಸದರಲ್ಲಿ 5888. ಗುಣಾಕಾರ ಮಾಡಿದರೆ ಹಳೆಯದು 13.4 ಟೆರಾಫ್ಲಾಪ್, ಹೊಸದು 20.3. ಕೋಷ್ಟಕದ ಪ್ರಕಾರ ಹೊಸದು ಶೇ. 50ರಷ್ಟು ಮುಂದೆ! ಆಟ ಹಚ್ಚಿ ನೋಡಿದರೆ? ಹೆಚ್ಚುಕಮ್ಮಿ ಸಮಸಮ. ಕೆಲವು ಆಟಗಳಲ್ಲಿ ಇದು ಒಂದು ಹೆಜ್ಜೆ ಮುಂದೆ, ಕೆಲವುದರಲ್ಲಿ ಅದು.

ಹಾಗಾದರೆ ಆ ಏಳು ಟೆರಾಫ್ಲಾಪ್ ಎಲ್ಲಿ ಹೋಯ್ತು? ಕಳ್ಳತನವೇನೂ ಆಗಿಲ್ಲ. ಆಟಕ್ಕೆ ದಶಮಾಂಶದ ಲೆಕ್ಕ ಮಾತ್ರ ಸಾಲದು. ಯಾವ ಚಿತ್ರದ ತುಣುಕನ್ನು ಮೆಮೊರಿಯ ಯಾವ ಮೂಲೆಯಿಂದ ತರಬೇಕು ಅನ್ನುವಂಥ ಪೂರ್ಣಾಂಕದ ಲೆಕ್ಕವೂ ಬೇಕು. ದಶಮಾಂಶದ ಪ್ರತಿ 100 ಆದೇಶಕ್ಕೆ ಪೂರ್ಣಾಂಕದ್ದು ಸರಾಸರಿ 36 ಇರುತ್ತವೆ ಅಂತ 2018ರಲ್ಲಿ ಸ್ವತಃ ಎನ್ವಿಡಿಯಾನೇ ಹೇಳಿತ್ತು. 2080 ಟಿಐಯಲ್ಲಿ ಈ ಕೆಲಸಕ್ಕೆ ಬೇರೆಯೇ ಸಾಲು ಇತ್ತು. 3070ಯಲ್ಲಿ ಆ ಸಾಲಿಗೇ ದಶಮಾಂಶದ ಲೆಕ್ಕವನ್ನೂ ಕಲಿಸಿದರು. ಕಲಿಸಿದ್ದು ಒಳ್ಳೆಯದೇ. ಆದರೆ ಆ ಸಾಲು ಒಂದು ಹೊತ್ತಿಗೆ ಎರಡರಲ್ಲಿ ಒಂದನ್ನು ಮಾತ್ರ ಮಾಡಬಲ್ಲದು. ಕೋಷ್ಟಕ ಮಾತ್ರ ಎರಡೂ ಸಾಲನ್ನು ಪೂರ್ತಿ ದಶಮಾಂಶದ ಖಾತೆಗೇ ಬರೆದುಕೊಂಡಿತು. ಹಳೆಯ ರೀತಿಯಲ್ಲಿ ಎಣಿಸಿದ್ದರೆ 3070ಯ ಕೋರು 2944 ಅಷ್ಟೆ.

ಈಗ ನೀವೇ ಕಾಗದದ ಮೇಲೆ ಹಾಕಿ ನೋಡಿ. 136 ಆದೇಶದಲ್ಲಿ 100 ಮಾತ್ರ ದಶಮಾಂಶದ್ದಾದರೆ, 20.3 ಟೆರಾಫ್ಲಾಪಿನಲ್ಲಿ ನಿಜವಾಗಿ ಕೈಗೆ ಸಿಗೋದು 15ರ ಆಸುಪಾಸು. ಶೇ. 50ರ ಮುನ್ನಡೆ ಶೇ. 11ಕ್ಕೆ ಇಳೀತು. ಇದರ ಮೇಲೆ ಮೆಮೊರಿ ಬ್ಯಾಂಡ್‌ವಿಡ್ತ್ ಬೇರೆ ಇದೆ. ಹಳೆಯದರಲ್ಲಿ ಸೆಕೆಂಡಿಗೆ 616 ಜಿಬಿ, ಹೊಸದರಲ್ಲಿ 448. ಮೆಮೊರಿಯೂ 11 ಜಿಬಿ ಇದ್ದದ್ದು 8 ಜಿಬಿ. ಸಮಸಮ ಆಗದೆ ಇನ್ನೇನಾದೀತು?

3070 ಕೆಟ್ಟ ಕಾರ್ಡ್ ಅಂತ ನಾನು ಹೇಳ್ತಿಲ್ಲ. 999 ಡಾಲರಿನಿಂದ ಬೆಲೆ ಶುರುವಾಗಿದ್ದ ಕಾರ್ಡಿನ ಕೆಲಸವನ್ನು 499 ಡಾಲರಿಗೆ ಮಾಡಿದ್ದು ಸಾಮಾನ್ಯವೇನಲ್ಲ. ಇಷ್ಟು ಒಳ್ಳೆಯ ಸತ್ಯ ಕೈಯಲ್ಲಿರುವಾಗ ಅದಕ್ಕೊಂದು ಸುಳ್ಳಿನ ಕಿರೀಟ ಯಾಕೆ ಬೇಕಿತ್ತು ಅನ್ನೋದೇ ನನ್ನ ತಕರಾರು.

ಅಲ್ಲಿ ಅಂಕಿ ಉಬ್ಬಿತ್ತು. ಅದೇ ಅಂಕಿ ಮುಚ್ಚಿಡಲೂ ಬಲ್ಲದು, ಮತ್ತು ಆಗ ಹೊಡೆತ ಬೀಳೋದು ಬಡವನ ಜೇಬಿಗೆ. ಜಿಟಿ 1030 ಗೊತ್ತಲ್ಲ? ಹಳೇ ಆಫೀಸ್ ಕಂಪ್ಯೂಟರಿಗೆ ಹಾಕಿ ಹೇಗೋ ಒಂದಷ್ಟು ಆಟ ಆಡೋಣ ಅನ್ನುವ ಹುಡುಗರು ಕೊಳ್ಳುತ್ತಿದ್ದ ಪುಟ್ಟ ಕಾರ್ಡು. 2017ರಲ್ಲಿ ಬಂದಾಗ ಅದರಲ್ಲಿದ್ದದ್ದು ಜಿಡಿಡಿಆರ್5 ಮೆಮೊರಿ. ಮರುವರ್ಷ ಅದೇ ಹೆಸರಿನಲ್ಲಿ ಡಿಡಿಆರ್4 ಮೆಮೊರಿಯ ಕಾರ್ಡೂ ಬಂತು. ಎರಡರಲ್ಲೂ 384 ಕೋರು. ಟೆರಾಫ್ಲಾಪ್ ಲೆಕ್ಕದಲ್ಲಿ 1.13 ಮತ್ತು 1.06, ಅಂದರೆ ಶೇ. 6ರ ವ್ಯತ್ಯಾಸ. ಹೋಗಲಿ ಬಿಡು ಅನ್ನಿಸುತ್ತೆ, ಅಲ್ವಾ? ಬ್ಯಾಂಡ್‌ವಿಡ್ತ್ ನೋಡಿ: ಒಂದರದ್ದು ಸೆಕೆಂಡಿಗೆ 48 ಜಿಬಿ, ಇನ್ನೊಂದರದ್ದು 16.8. ಮೂರನೇ ಒಂದು ಭಾಗ! ಹಲವು ಆಟಗಳಲ್ಲಿ ಫ್ರೇಮುಗಳು ಅರ್ಧದಷ್ಟಕ್ಕೆ ಕುಸಿದವು.

ಮದುವೆಮನೆಯಲ್ಲಿ ಅಡಿಗೆಯವರು ಅಷ್ಟೇ ಜನ ಇದ್ದಾರೆ, ಕೈಯೂ ಚುರುಕು. ಆದರೆ ಉಗ್ರಾಣದಿಂದ ಅಕ್ಕಿ ಬೇಳೆ ತಂದುಕೊಡೋನು ಮೂರು ಸಲ ಓಡಾಡುವ ಹೊತ್ತಿಗೆ ಒಂದೇ ಸಲ ಬರ್ತಾನೆ. ಪಂಕ್ತಿ ಕೂತವರು ಎಲೆ ನೋಡ್ತಾ ಕೂರಬೇಕಷ್ಟೆ. ಟೆರಾಫ್ಲಾಪ್ ಲೆಕ್ಕ ಹಾಕೋದು ಅಡಿಗೆಯವರ ತಲೆಯನ್ನು ಮಾತ್ರ. ಉಗ್ರಾಣದ ಬಾಗಿಲಿನ ಕಡೆ ಅದು ತಿರುಗಿಯೂ ನೋಡೋಲ್ಲ.

'ಹಾಗಾದರೆ ಸ್ಪೆಸಿಫಿಕೇಶನ್ ನೋಡಲೇಬಾರದಾ?' ಅಂತ ಕೇಳುವವರಿದ್ದಾರೆ. ನೋಡಿ, ಧಾರಾಳವಾಗಿ ನೋಡಿ. ಒಂದೇ ತಲೆಮಾರಿನ, ಒಂದೇ ವಿನ್ಯಾಸದ ಎರಡು ಕಾರ್ಡುಗಳ ನಡುವೆ ಕೋರಿನ ಸಂಖ್ಯೆ ಬಹುಮಟ್ಟಿಗೆ ನಿಜ ಹೇಳುತ್ತೆ, ಮೆಮೊರಿ ಸಮನಾಗಿದ್ದರೆ. ಬ್ಲೆಂಡರಿನಲ್ಲಿ ರೆಂಡರ್ ಮಾಡುವಂಥ ಕೆಲಸದಲ್ಲಿ 3070 ತನ್ನ ಹೆಚ್ಚುವರಿ ಬಲವನ್ನು ನಿಜಕ್ಕೂ ತೋರಿಸಿ 2080 ಟಿಐಯನ್ನು ಹಿಂದಿಕ್ಕಿತು. ವಾಟ್ ಎಷ್ಟು ಅನ್ನೋದು ನಿಮ್ಮ ಪವರ್ ಸಪ್ಲೈಗೆ ಬೇಕೇ ಬೇಕು. ಅಂಕಿಗಳ ಮೇಲೆ ನನಗೇನೂ ದ್ವೇಷವಿಲ್ಲ. ಬೇರೆ ಬೇರೆ ವಿನ್ಯಾಸದ ಕಾರ್ಡುಗಳನ್ನು ಒಂದೇ ತಕ್ಕಡಿಗೆ ಹಾಕಿ, ಒಂದೇ ಒಂದು ಅಂಕಿಯಿಂದ ತೀರ್ಪು ಕೊಡುವ ಸೋಮಾರಿತನದ ಮೇಲೆ ನನ್ನ ಸಿಟ್ಟು.

ಈ ಸೋಮಾರಿತನ ಪುಕ್ಕಟೆ ಬಂದದ್ದೂ ಅಲ್ಲ. ಎರಡು ಕಾರ್ಡ್ ಕೊಂಡು, ಹತ್ತಾರು ಆಟ ಓಡಿಸಿ, ಫ್ರೇಮ್ ಎಣಿಸೋಕೆ ದುಡ್ಡೂ ಬೇಕು, ದಿನಗಟ್ಟಲೆ ಹೊತ್ತೂ ಬೇಕು. ಗುಣಾಕಾರಕ್ಕೆ ಎರಡೂ ಬೇಡ. ಹಾಗಾಗಿ ಕೋಷ್ಟಕಗಳು ನಾಯಿಕೊಡೆಯ ಹಾಗೆ ಏಳುತ್ತವೆ, ಪರೀಕ್ಷೆ ಮಾಡುವವರು ಬೆರಳೆಣಿಕೆಯಷ್ಟು ಜನ ಉಳಿಯುತ್ತಾರೆ. ಕಂಪನಿಗಳಿಗೂ ಇದೇ ಅನುಕೂಲ. ಮೆಮೊರಿ ಬದಲಾದರೆ ಹೆಸರೂ ಬದಲಾಗಬೇಕು ಅನ್ನುವಷ್ಟು ಸರಳ ನಿಯಮವನ್ನು ಅವರೇ ಹಾಕಿಕೊಳ್ಳಬಹುದಿತ್ತು, ಹಾಕಿಕೊಳ್ಳಲಿಲ್ಲ.

ಆದ್ದರಿಂದ ನಾವೇ ಗಟ್ಟಿಯಾಗಬೇಕು. ಎಸ್.ಪಿ. ರೋಡಿನ ಅಂಗಡಿಯ ಮುಂದೆ ನಿಂತಾಗ 'ಎಷ್ಟು ಜಿಬಿ?' ಅಂತಷ್ಟೇ ಕೇಳಿ ಸುಮ್ಮನಾಗಬೇಡಿ. ಯಾವ ಮೆಮೊರಿ, ಸೆಕೆಂಡಿಗೆ ಎಷ್ಟು ಜಿಬಿ ಸಾಗಿಸುತ್ತೆ ಅಂತ ಕೇಳಿ. ನೀವು ಆಡುವ ಆಟ, ನಿಮ್ಮ ಪರದೆಯ ರೆಸಲ್ಯೂಶನ್, ಈ ಎರಡರಲ್ಲೂ ಯಾರಾದರೂ ನಿಜವಾಗಿ ಓಡಿಸಿ ಅಳೆದ ಫ್ರೇಮಿನ ಲೆಕ್ಕವನ್ನು ಮನೆಯಿಂದಲೇ ನೋಡಿಕೊಂಡು ಹೋಗಿ. ಡಬ್ಬದ ನಾಲ್ಕೂ ಮಗ್ಗುಲು ತಿರುಗಿಸಿ ಓದಿ. ಅಂಗಡಿಯವನು ಗೊಣಗಿದರೆ ಗೊಣಗಲಿ, ದುಡ್ಡು ನಿಮ್ಮದು ತಾನೇ? ಯಾರಾದರೂ ಟೆರಾಫ್ಲಾಪ್ ಮುಂದಿಟ್ಟು 'ಇದೇ ಮೇಲು' ಅಂದರೆ ಒಂದೇ ಪ್ರಶ್ನೆ ಸಾಕು: ಓಡಿಸಿ ನೋಡಿದ್ದೀರಾ, ಇಲ್ಲಾ ಬರೀ ಗುಣಿಸಿದ್ದೀರಾ?