ಕೈಗೆ ಸಿಗದ ಆಟಿಕೆ

ಕೊಪ್ಪಳದ ಸಮೀಪದ ಕಿನ್ನಾಳದಲ್ಲಿ ಚಿತ್ರಗಾರರು ಹಗುರವಾದ ಮರವನ್ನು ಕೆತ್ತಿ, ಗೋಣಿಯ ನಾರು, ಮರದ ಹೊಟ್ಟು, ಹುಣಿಸೆಬೀಜದ ಅಂಟುಗಳಿಂದಾದ ಕಿಟ್ಟವನ್ನು ಮೆತ್ತಿ, ಬಣ್ಣವೇರಿಸಿ ಗೊಂಬೆಗಳನ್ನು ಮಾಡುತ್ತಾರೆ. ಅಂಥ ಗೊಂಬೆಯೊಂದು ಮನೆ ಸೇರಿದರೆ, ಆಡಿದ ಬಾಲಕನಿಗೆ ಮೀಸೆ ಬಂದರೂ ಅದು ಅಟ್ಟದ ಮೇಲೆ ಸುಖವಾಗಿರುತ್ತದೆ. ಬಣ್ಣ ಮಾಸಿದರೆ ಮತ್ತೆ ಬಳಿಸಬಹುದು. ತಂಗಿಯ ಮಗನಿಗೆ ಕೊಟ್ಟುಬಿಡುವುದಾದರೆ ಮಾರಿದವನ ಅಪ್ಪಣೆ ಬೇಕಿಲ್ಲ. ಇಂದಿನ ಬಾಲಕರು ಟೆಲಿವಿಷನ್ನಿನ ಮುಂದೆ ಕುಳಿತು ಆಡುವ ಆಟಿಕೆಗೆ ಈ ಭಾಗ್ಯವುಂಟೇ?

ಅಮೆರಿಕದಲ್ಲಿ ಹುಟ್ಟಿದ 'ವಿಜಿಲಾಂಟೆ 8' ಎಂಬ ವಿಡಿಯೋ ಆಟದ ಕಥೆಯನ್ನೇ ನೋಡಬಹುದು. 1998ರಲ್ಲಿ ಇದನ್ನು ರಚಿಸಿದವರು ಲಕ್ಸೋಫ್ಲಕ್ಸ್ ಎಂಬ ಪುಟ್ಟ ಸಂಸ್ಥೆಯವರು, ಪ್ರಕಟಿಸಿದ್ದು ಆ್ಯಕ್ಟಿವಿಷನ್. ಕಾಲ 1970ರ ದಶಕ. ಎಣ್ಣೆಯ ಅಭಾವದಿಂದ ದೇಶ ತತ್ತರಿಸಿದೆ. ಎರಡು ತಂಡಗಳು ತಮ್ಮ ಮೋಟಾರುಗಳಿಗೆ ಬಂದೂಕು, ಕ್ಷಿಪಣಿಗಳನ್ನು ಕಟ್ಟಿಕೊಂಡು ಕಾದಾಡುತ್ತವೆ. ಬಯಲಾಟದಲ್ಲಿ ಕುರುಕ್ಷೇತ್ರವನ್ನು ಕಂಡ ಕುಷ್ಟಗಿ, ಯಲಬುರ್ಗಾಗಳ ಹಿರಿಯರಿಗೆ ರಥಯುದ್ಧ ಹೊಸದಲ್ಲ. ಸಾರಥಿಯೂ ಬಿಲ್ಲುಗಾರನೂ ಇಲ್ಲಿ ಒಬ್ಬನೇ ಎಂಬುದಷ್ಟೇ ಭೇದ! ಶಾಲೆಯ ಬಸ್ಸು ಕೂಡ ಇಲ್ಲಿ ರಣರಂಗಕ್ಕಿಳಿಯುತ್ತದೆ. ಜೇನುಸಾಕಣೆಯವನೊಬ್ಬನು ತನ್ನ ಗಾಡಿಯಿಂದ ಶತ್ರುವಿನ ಮೇಲೆ ಜೇನ್ನೊಣಗಳನ್ನೇ ಬಿಡುತ್ತಾನೆ. ಹಿಂಸೆಯ ಆಟವೆಂದು ತಾಯಂದಿರು ಮೂಗು ಮುರಿದರೆ ತಪ್ಪೇನಿಲ್ಲ. ಆದರೂ ಇಬ್ಬರು ಗೆಳೆಯರು ಒಂದೇ ಪರದೆಯನ್ನು ಹಂಚಿಕೊಂಡು, ಮೊಣಕೈಯಲ್ಲಿ ತಿವಿದುಕೊಳ್ಳುತ್ತ ಆಡಿದ ಆ ಆಟದಲ್ಲಿ ಹಗೆಗಿಂತ ನಗೆಯೇ ಹೆಚ್ಚು.

ಹತ್ತು ವರ್ಷಗಳ ತರುವಾಯ, 2008ರಲ್ಲಿ, ಮೂಲ ಕರ್ತೃಗಳಲ್ಲಿ ಕೆಲವರು ಐಸೋಪಾಡ್ ಲ್ಯಾಬ್ಸ್ ಎಂಬ ಹೊಸ ಸಂಸ್ಥೆಯ ಹೆಸರಿನಲ್ಲಿ ಅದೇ ಆಟವನ್ನು ಮತ್ತೆ ಕಟ್ಟಿದರು. ಬಣ್ಣ ಹೊಸದು, ಬೆಳಕು ಹೊಸದು. ದೂರದೂರುಗಳ ಆಟಗಾರರು ಅಂತರಜಾಲದ ಮೂಲಕ ಸೇರಿ ಆಡುವ ಅನುಕೂಲವೂ ಬಂತು. ಗಾಡಿಗಳ ಸಂಖ್ಯೆ ಮಾತ್ರ ಮೂಲಕ್ಕಿಂತ ಕಡಿಮೆಯಾಯಿತು. ಅದಕ್ಕಿಂತ ದೊಡ್ಡ ಬದಲಾವಣೆ ಮಾರಾಟದ ರೀತಿಯಲ್ಲಿತ್ತು: ಮೊದಲಿನದು ಡಬ್ಬಿಯೊಳಗಿನ ತಟ್ಟೆಯಾಗಿ ಕೈಗೆ ಬಂದಿತ್ತು, ಇದು ಮೈಕ್ರೋಸಾಫ್ಟ್ ಸಂಸ್ಥೆಯ ಎಕ್ಸ್‌ಬಾಕ್ಸ್ 360 ಯಂತ್ರಕ್ಕೆ ತಂತಿಯ ಮೂಲಕ ಇಳಿದು ಬರುವ ಸರಕು.

ಹಣ ತೆತ್ತವನು ಕೊಂಡದ್ದು ಆಟವನ್ನಲ್ಲ, ಆಡುವ ಪರವಾನಗಿಯನ್ನು. ಈ ಮಾತು ಕರಾರುಪತ್ರದಲ್ಲಿ ಇದ್ದೇ ಇರುತ್ತದೆ. ಅದನ್ನು ಕಡೆಯವರೆಗೆ ಓದಿದ ಗೃಹಸ್ಥರು ಎಷ್ಟು ಮಂದಿಯೋ! 2024ರ ಜುಲೈ 29ರಂದು ಎಕ್ಸ್‌ಬಾಕ್ಸ್ 360ರ ಆ ಅಂಗಡಿಯೇ ಮುಚ್ಚಿತು. ಮೊದಲೇ ಕೊಂಡವರು ತಮ್ಮ ಸರಕನ್ನು ಮತ್ತೆ ಇಳಿಸಿಕೊಳ್ಳಲು ಅವಕಾಶ ಉಳಿಯಿತು. ಹೊಸಬರು ಅಲ್ಲಿ ಏನನ್ನೂ ಕೊಳ್ಳುವಂತಿಲ್ಲ. ಹೀಗಾಗಿ 1998ರ ಹಳೆಯ ಆಟವನ್ನು ಹಳೆಯ ಸಾಮಾನಿನ ಅಂಗಡಿಯಲ್ಲಿ ಹುಡುಕಬಹುದು. 2008ರ ಹೊಸದನ್ನು ಹುಡುಕಲು ಅಂಥ ಅಂಗಡಿಯೇ ಇಲ್ಲ.

ಈ ಉದ್ಯಮ ಕನ್ನಡನಾಡಿಗೆ ದೂರದ್ದೆಂದು ಭಾವಿಸಬೇಕಾಗಿಲ್ಲ. ಬೆಂಗಳೂರಿನಲ್ಲಿ 1997ರಲ್ಲಿ ಆರಂಭವಾದ ಧ್ರುವ ಇಂಟರಾಕ್ಟಿವ್ ಸಂಸ್ಥೆಯ ಕಲಾವಿದರು ಫೋರ್ಜಾ ಎಂಬ ಪ್ರಸಿದ್ಧ ಪಂದ್ಯದಾಟಗಳ ಮಾಲಿಕೆಗೆ ಕಾರುಗಳನ್ನು ರೂಪಿಸಿಕೊಟ್ಟಿದ್ದಾರೆ. ಚಕ್ರದ ಹೊಳಪು, ದೀಪದ ಗಾಜು ಎಲ್ಲವನ್ನೂ ಗಣಕಯಂತ್ರದಲ್ಲಿ ತಿದ್ದುವ ಆ ತಾಳ್ಮೆ ಕಿನ್ನಾಳದ ಕುಂಚಕ್ಕೆ ಕಡಿಮೆಯದಲ್ಲ. ಆದರೆ ಆ ಮಾಲಿಕೆಯ ಫೋರ್ಜಾ ಹೊರೈಜನ್ 4 ಎಂಬ ಆಟವನ್ನು 2024ರ ಡಿಸೆಂಬರಿನಲ್ಲಿ ಅಂತರಜಾಲದ ಮಾರಾಟದಿಂದ ಹಿಂತೆಗೆಯಲಾಯಿತು. ನಿಜವಾದ ಕಾರುಗಳ ಹೆಸರು, ರೂಪಗಳನ್ನು ಬಳಸಲು ಪಡೆದಿದ್ದ ಪರವಾನಗಿಗಳ ಅವಧಿ ಮುಗಿದಿತ್ತು. ಬಿಡುಗಡೆಯಾಗಿ ಆರೇ ವರ್ಷ! ಕಿನ್ನಾಳದ ಗೊಂಬೆಗೆ ಆರು ವರ್ಷವೆಂದರೆ ಬಣ್ಣ ಮಾಸುವ ಕಾಲವೂ ಅಲ್ಲ.

ಮಗನ ಹುಟ್ಟುಹಬ್ಬಕ್ಕೆ ಇಂಥದೊಂದನ್ನು ಕೊಡಿಸಬೇಕೆಂದಿರುವ ಗಂಗಾವತಿಯ ತಂದೆ ಅಂಗಡಿಯವನನ್ನು ಒಂದು ಮಾತು ಕೇಳಬಹುದು: ಡಬ್ಬಿಯೊಳಗೆ ತಟ್ಟೆಯಿದೆಯೋ, ಬರಿಯ ಸಂಕೇತಾಕ್ಷರಗಳ ಚೀಟಿಯಿದೆಯೋ? ಕೆಲವು ಡಬ್ಬಿಗಳಲ್ಲಿ ಈಗ ಚೀಟಿಯಷ್ಟೇ ಇರುತ್ತದೆ. ತಟ್ಟೆಯಿದ್ದರೂ ಆಟ ಪೂರ್ತಿ ಅದರಲ್ಲೇ ಇದೆಯೋ, ಉಳಿದರ್ಧವನ್ನು ಇಳಿಸಿಕೊಳ್ಳಬೇಕೋ ಎಂಬುದು ಎರಡನೆಯ ಪ್ರಶ್ನೆ. ಉತ್ತರ ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ ಇರುವುದುಂಟು. ಕನ್ನಡಕ ಮರೆಯದೆ ಹೋಗುವುದು ಒಳಿತು.