ಇಳಿಜಾರು ಪೀಠವೂ ಲ್ಯಾಪ್‌ಟಾಪೂ

“ಲ್ಯಾಪ್‌ಟಾಪನ್ನು ಓರೆಯಾಗಿಡಬಾರದು, ಒಳಗಿರುವ ಹಾರ್ಡ್ ಡಿಸ್ಕು ಕೆಟ್ಟುಹೋಗುತ್ತದೆ” ಎಂಬ ಹಿತೋಪದೇಶವು ನಮ್ಮ ವಿದ್ಯಾರ್ಥಿನಿಲಯಗಳಲ್ಲಿ ಆಗಾಗ್ಗೆ ಕೇಳಿಬರುತ್ತದೆ. “ಓರೆಯಾಗಿಟ್ಟರೇನೇ ಅದು ತಣ್ಣಗಿರುವುದು” ಎಂದು ಸಾಧಿಸುವ ಪ್ರತಿಪಕ್ಷವೂ ಉಂಟು. ಎರಡು ಪಕ್ಷದವರೂ ಕಾರಣವನ್ನು ಹೇಳುವುದಿಲ್ಲ. ಅಂಗಡಿಯವನು ಹೇಳಿದನೆಂಬುದೇ ಅವರ ಪ್ರಮಾಣ. ಕಲಾವಿಭಾಗದವರಾದ ನಮಗೇಕೆ ಈ ಚರ್ಚೆಯೆಂದು ಕೆಲವರು ಮೂಗು ಮುರಿಯಬಹುದು. ಆದರೆ ನಮ್ಮ ಪ್ರಬಂಧಗಳೂ ಟಿಪ್ಪಣಿಗಳೂ ಇಂದು ಆ ಪೆಟ್ಟಿಗೆಯೊಳಗೇ ವಾಸವಾಗಿರುವುದರಿಂದ, ಅದರ ಕ್ಷೇಮಸಮಾಚಾರವನ್ನು ವಿಚಾರಿಸುವ ಹಕ್ಕು ನಮಗೂ ಇದೆ.

ಮೊದಲು ಡಿಸ್ಕಿನ ವಿಚಾರ. ಹಾರ್ಡ್ ಡಿಸ್ಕೆಂದರೆ ನುಣುಪಾದ ತಟ್ಟೆ. ಲ್ಯಾಪ್‌ಟಾಪುಗಳಲ್ಲಿ ಅದು ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಅದರ ಮೇಲೆ ಬರಹವನ್ನು ಓದುವ ಪುಟ್ಟ ತಲೆಯೊಂದು ತೇಲುತ್ತಿರುತ್ತದೆ. ತಲೆಗೂ ತಟ್ಟೆಗೂ ನಡುವಣ ಅಂತರವು ಕೂದಲೆಳೆಯ ದಪ್ಪದ ಸಹಸ್ರಾಂಶಕ್ಕಿಂತಲೂ ಕಡಿಮೆ. ಇಷ್ಟು ಸೂಕ್ಷ್ಮವಾದ ವಸ್ತು ವಾಲಿದರೆ ಕೆಡದಿರುವುದೆ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ನಮ್ಮ ತಾತಂದಿರ ಗ್ರಾಮಫೋನನ್ನು ನೆನೆದವರಿಗಂತೂ ಈ ಭಯ ಇನ್ನೂ ಸಹಜ. ಏಕೆಂದರೆ ಗ್ರಾಮಫೋನಿನ ಮುಳ್ಳು ತಟ್ಟೆಯ ಮೇಲೆ ಕೂರುವುದು ತನ್ನ ಭಾರದಿಂದ. ಪೆಟ್ಟಿಗೆಯನ್ನು ವಾಲಿಸಿದರೆ ಹಾಡು ಜಾರುತ್ತದೆ.

ಹಾರ್ಡ್ ಡಿಸ್ಕಿನ ವ್ಯವಸ್ಥೆಯೇ ಬೇರೆ. ಅಲ್ಲಿ ತಲೆಯನ್ನು ತಟ್ಟೆಯ ಕಡೆಗೆ ಒತ್ತುವುದು ಒಂದು ಸ್ಪ್ರಿಂಗು. ದೂರ ಸರಿಸುವುದು ತಟ್ಟೆಯ ವೇಗದಿಂದ ಹುಟ್ಟಿದ ಗಾಳಿಯ ಪದರ. ಈ ಎರಡರ ಸೆಣಸಾಟದ ಮುಂದೆ ತಲೆಯ ಸ್ವಂತ ತೂಕವು ಲೆಕ್ಕಕ್ಕೇ ಬಾರದು. ಆದುದರಿಂದ ಭೂಮಿಯ ಆಕರ್ಷಣೆ ಯಾವ ಕಡೆಯಿಂದ ಬಂದರೂ ಅದಕ್ಕೆ ಚಿಂತೆಯಿಲ್ಲ. ತಯಾರಕರು ಡಿಸ್ಕನ್ನು ಅಡ್ಡಡ್ಡಲಾಗಿ ಕೂರಿಸಲೂ ಉದ್ದುದ್ದಲಾಗಿ ನಿಲ್ಲಿಸಲೂ ಅನುಮತಿ ಕೊಡುತ್ತಾರೆ. 2001ರಲ್ಲಿ ಬಂದ ಐಪಾಡ್ ಎಂಬ ಹಾಡಿನ ಪೆಟ್ಟಿಗೆಯೊಳಗೂ ಇಂಥ ಡಿಸ್ಕೇ ಇದ್ದಿತು. ಅದು ಜನರ ಜೇಬಿನಲ್ಲಿ ನಿಂತೂ ಮಲಗಿಯೂ ಹಾಡಿತು.

ಹಾಗಾದರೆ ಅಪಾಯವೇ ಇಲ್ಲವೆ? ಉಂಟು, ಅದು ವಾಲಿರುವುದರಲ್ಲಿಲ್ಲ, ಅಲುಗುವುದರಲ್ಲಿದೆ. ತಿರುಗುತ್ತಿರುವ ಡಿಸ್ಕು ನಿಂತ ಡಿಸ್ಕಿನಷ್ಟು ಪೆಟ್ಟನ್ನು ತಾಳಲಾರದು. ಈ ಕಾರಣದಿಂದಲೇ ಐಬಿಎಂ ಸಂಸ್ಥೆಯು 2003ರಲ್ಲಿ ತನ್ನ ಥಿಂಕ್‌ಪ್ಯಾಡುಗಳಲ್ಲಿ, ಯಂತ್ರವು ಬೀಳುವ ಸೂಚನೆ ಸಿಕ್ಕೊಡನೆ ಓದುವ ತಲೆಯನ್ನು ಕ್ಷೇಮದ ಜಾಗಕ್ಕೆ ಸರಿಸುವ ಏರ್ಪಾಟನ್ನು ಮಾಡಿತು. ಪೀಠವು ಭದ್ರವಾಗಿದ್ದರೆ ಸಾಕು, ಕೋನ ಎಷ್ಟಿದ್ದರೂ ಬಾಧಕವಿಲ್ಲ. ಟೈಪು ಮಾಡುವಾಗಲೆಲ್ಲ ತೊಟ್ಟಿಲಿನಂತೆ ತೂಗುವ, ಯಂತ್ರವನ್ನು ಜಾರಗೊಡುವ ಪೀಠವಾದರೆ ಅದರ ಸಹವಾಸವೇ ಬೇಡ. ಇನ್ನು ಈಚಿನ ಲ್ಯಾಪ್‌ಟಾಪುಗಳಲ್ಲಿ ಬಹುಮಟ್ಟಿಗೆ ಎಸ್‌ಎಸ್‌ಡಿ ಇರುತ್ತದೆ. ಅದರಲ್ಲಿ ತಿರುಗುವ ಭಾಗವೇ ಇಲ್ಲದುದರಿಂದ ಅಂಥವರಿಗೆ ಈ ಪ್ರಶ್ನೆಯೇ ಹುಟ್ಟುವುದಿಲ್ಲ.

ಇನ್ನು ತಂಪಿನ ಮಾತು. ಅನೇಕ ಲ್ಯಾಪ್‌ಟಾಪುಗಳು ಹೊಟ್ಟೆಯಡಿಯ ಕಂಡಿಗಳಿಂದ ಗಾಳಿಯನ್ನು ಎಳೆದುಕೊಂಡು ಪಕ್ಕದಿಂದಲೋ ಹಿಂದಿನಿಂದಲೋ ಬಿಸಿಗಾಳಿಯನ್ನು ಹೊರಕ್ಕೆ ತಳ್ಳುತ್ತವೆ. ಹಿಂಭಾಗವನ್ನು ಎತ್ತಿದಾಗ ಅಡಿಯಲ್ಲಿ ತೆರಪು ಹೆಚ್ಚಿ, ಫ್ಯಾನಿನ ಉಸಿರಾಟ ಸಲೀಸಾಗುತ್ತದೆ. ಉಪಕಾರ ಮಾಡುವುದು ತೆರಪೇ ಹೊರತು ಕೋನವಲ್ಲ. ಕಂಡಿಗಳನ್ನೇ ಮುಚ್ಚಿಬಿಡುವ ಇಡಿಯ ಹಲಗೆಯ ಇಳಿಜಾರು ಪೀಠಕ್ಕಿಂತ ಬರಿಯ ಮೇಜೇ ಮೇಲು. ಕೌದಿಯ ಮೇಲೋ ದಿಂಬಿನ ಮೇಲೋ ಇಟ್ಟುಕೊಂಡು ಮಲಗಿ ಓದುವವರು ಯಂತ್ರದ ಮೂಗನ್ನೇ ಹಿಡಿದಂತಾಯಿತು. ಹಾಗೆ ಉಸಿರು ಕಟ್ಟಿದಾಗ ಪ್ರೊಸೆಸರು ತನ್ನನ್ನು ತಾನು ಕಾಪಾಡಿಕೊಳ್ಳಲು ವೇಗವನ್ನು ತಗ್ಗಿಸುತ್ತದೆ. ನಾವು ಯಂತ್ರ ಹಳತಾಯಿತೆಂದು ಬಯ್ಯುತ್ತೇವೆ.

ಬಿಸಿಯಿಂದ ಡಿಸ್ಕು ಕೂಡಲೆ ಸಾಯುತ್ತದೆಂಬುದೂ ಅತಿಶಯೋಕ್ತಿಯೇ. ಗೂಗಲ್ ಸಂಸ್ಥೆಯ ಸಂಶೋಧಕರು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಪರಿಶೀಲಿಸಿ 2007ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಸಾಧಾರಣ ಮಟ್ಟದ ಬಿಸಿಗೂ ಡಿಸ್ಕು ಕೆಡುವುದಕ್ಕೂ ಜನರು ಎಣಿಸಿದಷ್ಟು ನಿಕಟ ಸಂಬಂಧ ಕಾಣಲಿಲ್ಲವೆಂದೂ, ಬಿಸಿ ತೀರ ಹೆಚ್ಚಾದಾಗ ಮಾತ್ರ ಅದರ ಪರಿಣಾಮ ಎದ್ದುಕಾಣುವುದೆಂದೂ ಹೇಳಿದ್ದಾರೆ.

ಇಷ್ಟಕ್ಕೂ ಓರೆಪೀಠ ನಮಗೆ ಹೊಸದೇನಲ್ಲ. ಪುರಾಣ ಓದುವವರಿಗೆ ವ್ಯಾಸಪೀಠ, ಲೆಕ್ಕ ಬರೆಯುವವರಿಗೆ ಇಳಿಜಾರು ಡೆಸ್ಕು ನಮ್ಮಲ್ಲಿ ಬಹುಕಾಲದಿಂದ ಇದ್ದುವು. ಕತ್ತು ಬಗ್ಗದಿರಲೆಂದೇ ಹಿರಿಯರು ಮಾಡಿಕೊಂಡ ಉಪಾಯವದು. ಹಣ ತೆತ್ತು ದೀಪ ಮಿನುಗುವ ಪೀಠವನ್ನು ಕೊಳ್ಳಬೇಕಾಗಿಲ್ಲ. ನಡುವೆ ಸಂದು ಬಿಟ್ಟು ಮೂರು ಪಟ್ಟಿ ಬಡಿದರೆ ಊರ ಬಡಗಿಯೇ ಮಾಡಿಕೊಟ್ಟಾನು. ವಾಚನಾಲಯಕ್ಕೆ ಇಂಥ ಹತ್ತು ಪೀಠಗಳನ್ನು ಮಾಡಿಸಿಕೊಡಬೇಕೆಂದು ಅಧ್ಯಾಪಕವರ್ಗದವರಲ್ಲಿ ನನ್ನ ವಿನಂತಿ. ಹಾಗಾದರೆ ನಿಘಂಟುಗಳನ್ನು ಯಂತ್ರದಡಿಗೆ ಒಟ್ಟುವ ಈಗಿನ ಪದ್ಧತಿಯಾದರೂ ತಪ್ಪೀತು.

ಆದರೆ ಮಿತ್ರರೇ, ನಿಜವಾದ ಭಯವನ್ನು ನಾವು ತಪ್ಪು ಜಾಗದಲ್ಲಿ ಇಟ್ಟುಕೊಂಡಿದ್ದೇವೆ. ಡಿಸ್ಕು ನೆಟ್ಟಗಿದ್ದರೂ ಒಂದು ದಿನ ಕೆಡುತ್ತದೆ, ಓರೆಯಾಗಿದ್ದರೂ ಕೆಡುತ್ತದೆ, ಎಸ್‌ಎಸ್‌ಡಿಯೂ ಅಮರವಲ್ಲ. ಹಳ್ಳಿಗೆ ಹೋಗಿ ಮುದುಕಿಯೊಬ್ಬಳ ಬಾಯಿಂದ ಬೀಸುವ ಪದಗಳನ್ನು ಧ್ವನಿಮುದ್ರಿಸಿ ತಂದ ವಿದ್ಯಾರ್ಥಿಯು ಅದನ್ನು ಒಂದೇ ಯಂತ್ರದಲ್ಲಿ ಇಟ್ಟುಕೊಂಡಿದ್ದರೆ, ಆ ಯಂತ್ರ ಕೆಟ್ಟ ದಿನ ಮತ್ತೆ ಹಾಡಿಸಲು ಆಕೆ ಇರುವಳೆಂದು ಹೇಳಬಲ್ಲವರಾರು? ಅಂಗಡಿಯಲ್ಲಿ ಬೇರೆ ಡಿಸ್ಕು ಸಿಕ್ಕೀತು, ಆ ಕಂಠ ಸಿಕ್ಕದು.

ಪೀಠದ ಕೋನವನ್ನು ಅಳೆಯುವ ಶ್ರಮದಲ್ಲಿ ಅರ್ಧಪಾಲನ್ನು ವಾರಕ್ಕೊಮ್ಮೆ ಇನ್ನೊಂದು ಪ್ರತಿ ತೆಗೆಯುವುದಕ್ಕೆ ಮೀಸಲಿಡೋಣ. ಆ ಪ್ರತಿಯು ಬೇರೊಂದು ಯಂತ್ರದಲ್ಲಿರಲಿ. ಸಾಧ್ಯವಾದರೆ ಬೇರೊಂದು ಮನೆಯಲ್ಲಿಯೇ ಇರಲಿ.